ನಾನು ಸಿಂಬಿ ತೊಳೆದದ್ದು

ಅಮೆರಿಕಕ್ಕೆ ಹೋಗಿಬಂದವರು ಅಲ್ಲಿ ಏನೇನು ನೋಡಿದೆವು ಎಂದು ಬರೆಯುತ್ತಾರೆ. ನನಗೆ ಆ ಯೋಗ್ಯತೆ ಇಲ್ಲ. ೨೦೧೪ರ ಅಕ್ಟೋಬರಿನಲ್ಲಿ ಹೋಗಿ ಆರು ವಾರ ಇದ್ದುಬಂದ ನಾನು ಅಲ್ಲಿ ನೋಡಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಗುಡ್ಡದ ಮೇಲಿನ ಹಾಲಿವುಡ್ ಅಕ್ಷರಗಳನ್ನು ತೋರಿಸಲೆಂದು ತಂಗಿ ಕಾರು ನಿಲ್ಲಿಸಿದಾಗ ನಾನು ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆನಂತೆ. ಕೆಡಿಸಿದ್ದು ಮಾತ್ರ ಒಂದೊಂದೂ ನೆನಪಿದೆ, ಅದನ್ನೇ ಬರೆಯುತ್ತೇನೆ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಬೇಕರಿ ಇದೆ. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ನಾನೇ ನಡೆಸಿದ್ದೇನೆ. ಬನ್ನು, ಬ್ರೆಡ್ಡು, ದಿಲ್‌ಪಸಂದ್, ಖಾರಾ ಬಿಸ್ಕತ್ತು. ಈಸ್ಟ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬ ನನ್ನ ಜೊತೆಯಲ್ಲೇ ವಿಮಾನ ಹತ್ತಿತ್ತು. ಅದಕ್ಕೊಂದು ಸೀಟು ಬೇರೆ ಬೇಕಾಗಿತ್ತು, ಅಷ್ಟು ದೊಡ್ಡದು.

ಚಾಟ್ಸ್‌ವರ್ತ್, ಬಂದ ನಾಲ್ಕನೆಯ ದಿನ

ಕ್ಯಾಲಿಫೋರ್ನಿಯಾದ ಈ ಊರಿನಲ್ಲಿರುವ ತಂಗಿ ಸುಧಾ, ಅವಳ ಗಂಡ ರವಿ ಇಬ್ಬರೂ ಟೆಲಿಕಾಂ ಕಂಪನಿಯಲ್ಲಿ ಎಂಜಿನಿಯರುಗಳು. ಬೆಳಗ್ಗೆ ಎಂಟಕ್ಕೆ ಡ್ರೈವ್ ಮಾಡಿಕೊಂಡು ಹೋದರೆ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಪಾತ್ರೆ ತೊಳೆಯುವ ಮಷೀನು. ಆ ಮಷೀನನ್ನು ನಾನು ನಂಬಲಿಲ್ಲ. ಅದು ತೊಳೆದದ್ದನ್ನು ತೆಗೆದು ಮತ್ತೊಮ್ಮೆ ಕೈಯಲ್ಲಿ ತೊಳೆದಿಡುತ್ತಿದ್ದೆ. ಮುಂದೆ ಆಗುವುದಕ್ಕೆ ಇದೇ ಮುನ್ಸೂಚನೆ, ಆದರೆ ಆಗ ಹೊಳೆಯಲಿಲ್ಲ.

ಪಕ್ಕದ ಮನೆಯ ಗೋಡೆ ಗಿಡ್ಡ. ಅದರಾಚೆ ದೊಡ್ಡ ತೊಟ್ಟಿಯೊಂದರಲ್ಲಿ ಹಸಿರು ಗಿಡ. ಪುಸ್ತಕದೊಳಗೆ ಇಟ್ಟುಕೊಂಡರೆ ವಿದ್ಯೆ ಬರುತ್ತದೆಂದು ನಾವು ಸ್ಕೂಲಿನಲ್ಲಿ ಕದ್ದು ಕೀಳುತ್ತಿದ್ದ ಗಿಡದಂತೆ ಕಂಡಿತು. ಐವತ್ತಾರರಲ್ಲಾದರೂ ವಿದ್ಯೆ ಬರಲಿ ಎಂದು ಒಂದು ಕಡ್ಡಿ ಮುರಿಯಲು ಕೈಚಾಚಿದೆ. ಎಲೆಯಲ್ಲ ಅದು, ಸೂಜಿ. ಬೆರಳಿನಿಂದ ರಕ್ತ ಬಂತು. ಅಷ್ಟರಲ್ಲಿ ಬಾಗಿಲು ತೆರೆದು ಎತ್ತರದ ಮುದುಕರೊಬ್ಬರು ಬಂದರು. ನನಗೆಂದು ಕೈಯಲ್ಲಿ ಆಗಲೇ ಬ್ಯಾಂಡೇಜ್ ಹಿಡಿದಿದ್ದರು. ಆ ಗಿಡಕ್ಕೆ ಕೈ ಹಾಕಿದವರಲ್ಲಿ ನಾನು ಮೊದಲನೆಯವಳಲ್ಲ ಎಂದಾಯಿತು.

ಹೆಸರು ಆರ್ನೆ. ಎಪ್ಪತ್ತೊಂಬತ್ತು ವರ್ಷ. ಲಾಂಗ್ ಬೀಚ್ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಮುಳ್ಳಿನ ಗಿಡದ ಹೆಸರು ಜೂನಿಪರ್. ಅದರ ಕೊಂಬೆಗಳನ್ನು ನೀರಿಗೆ ಹಾಕಿ ಕುದಿಸಿ, ಆ ನೀರಿನಲ್ಲಿ ವರ್ಷಕ್ಕೊಮ್ಮೆ ಏಲ್ ಮಾಡುತ್ತಾರಂತೆ, ನಾರ್ವೆಯ ಹಳ್ಳಿಮನೆಯಲ್ಲಿ ಅವರ ಅಮ್ಮ ಮಾಡುತ್ತಿದ್ದ ಹಾಗೆ.

ಏಲ್ ಎಂದರೆ ಒಂದು ಜಾತಿಯ ಬೀರು ಎಂದು ತಿಳಿದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನಮ್ಮ ಬೇಕರಿ ಪಕ್ಕದ ಬಾರನ್ನು ಎತ್ತಿಸಬೇಕೆಂದು ಸಹಿ ಸಂಗ್ರಹಿಸಿ ತಹಸೀಲ್ದಾರರ ಕಚೇರಿ ಮೆಟ್ಟಿಲು ಹತ್ತಿದವಳು ನಾನು. ಆದರೆ ಮರುಕ್ಷಣ ಅವರು “ಈಸ್ಟ್ ಕೂಡ ಅಮ್ಮನದೇ” ಎಂದರು. ನಾನು ನಾಲ್ಕು ಹೆಜ್ಜೆ ಮುಂದೆ ಬಂದೆ.

ಗ್ಯಾರೇಜಿನಲ್ಲಿ ಕೂರಿಸಿ ಕಥೆ ಹೇಳಿದರು. ನನ್ನ ಇಂಗ್ಲಿಷು ಮೈದಾ ಮೂಟೆಯ ಮೇಲೆ ಓದಿ ಕಲಿತದ್ದಾದರೂ ಅವರು ನಿಧಾನವಾಗಿ ಮಾತಾಡುವವರಾದ್ದರಿಂದ ಅರ್ಥವಾಯಿತು. ಅಮ್ಮ ಹಡಗು ಹತ್ತಿದಾಗ ಆರ್ನೆ ಕೈಗೂಸು, ಅಕ್ಕ ಇಂಗ್ರಿಡ್‌ಗೆ ಹನ್ನೊಂದು. ಒಣಗಿಸಿದ ಈಸ್ಟನ್ನು ಅಮ್ಮ ಲಂಗದ ಮಡಿಕೆಯೊಳಗೆ ಹೊಲಿದುಕೊಂಡು ಬಂದಿದ್ದಳು. ಆರ್ನೆಗೆ ನಾಲ್ಕು ತುಂಬುವ ಮೊದಲೇ ಅವಳು ತೀರಿಹೋದಳು. ಅಂದಿನಿಂದ ಅಪ್ಪ, ಆಮೇಲೆ ಆರ್ನೆ ಆ ಈಸ್ಟನ್ನು ವರ್ಷವರ್ಷ ಜೀವಂತ ಇಟ್ಟುಕೊಂಡು ಬಂದಿದ್ದಾರೆ. ಊರಿನ ಕಡೆ ಈಗ ಯಾರ ಬಳಿಯೂ ಅದಿಲ್ಲ.

“ಅಮ್ಮನ ಏಲ್ ರುಚಿ ಗೊತ್ತಿರೋದು ಇಂಗ್ರಿಡ್‌ಗೆ ಮಾತ್ರ” ಎಂದರು ಆರ್ನೆ. “ಸ್ಯಾನ್ ಡಿಯಾಗೋದಲ್ಲಿ ವೃದ್ಧರ ಮನೆಯಲ್ಲಿದಾಳೆ. ಪ್ರತಿ ವರ್ಷ ಮಾಡಿ ತಗೊಂಡು ಹೋಗ್ತೀನಿ. ಪ್ರತಿ ವರ್ಷ ಕುಡಿದು, ಚೆನ್ನಾಗಿದೆ, ಆದ್ರೆ ಏನೋ ಒಂದು ಕಮ್ಮಿ ಅಂತಾಳೆ. ಏನು ಅಂತ ಅವಳಿಗೂ ಗೊತ್ತಿಲ್ಲ. ಈ ಸಲ ಅವಳಿಗೆ ತೊಂಬತ್ತು. ಇನ್ನೆಷ್ಟು ಸಲ ತಗೊಂಡು ಹೋಗ್ತೀನೋ.”

ಆಮೇಲೆ ಸಣ್ಣ ತಗಡಿನ ಡಬ್ಬಿ ತೆರೆದು ತೋರಿಸಿದರು. ಒಳಗೆ ಬೂದು ಬಣ್ಣದ ಹಕ್ಕಳೆಗಳು. ಎಂಬತ್ತು ವರ್ಷದ ಈಸ್ಟು ಬದುಕಿರುವುದುಂಟೇ ಎಂದು ನನ್ನ ಜಂಬ ಕಿವಿಯಲ್ಲಿ ಹೇಳಿತು. ಕಾಫಿ ಬಗ್ಗಿಸಲು ಅವರು ಆಚೆ ತಿರುಗಿದರು. ನಾನು ಒಂದು ಚಿಟಿಕೆ ಎತ್ತಿಬಿಟ್ಟೆ.

ಕೇಳಿದ್ದರೆ ಕೊಡುತ್ತಿದ್ದರು, ಅದು ಈಗಲೂ ನಾಚಿಕೆಯ ವಿಷಯ. ಆದರೆ ಈಸ್ಟ್ ಬಲ್ಲವಳು ಇನ್ನೊಬ್ಬರ ಬಳಿ ಈಸ್ಟ್ ಕೇಳುವುದೇ? ಅವರು ಕಾಫಿ ತಂದು, ಗೋಡೆಯ ಕಡೆ ಕೈ ತೋರಿಸುತ್ತಾ ಬಹಳ ಹೊತ್ತು ಏನೋ ವಿವರಿಸಿದರು. ಮೇಜಿನ ಕೆಳಗೆ ಸೆರಗಿನ ತುದಿಗೆ ಗಂಟು ಹಾಕುವುದರಲ್ಲಿದ್ದ ನಾನು ಒಂದು ಮಾತನ್ನೂ ಕೇಳಿಸಿಕೊಳ್ಳದೆ “ಎಸ್, ಎಸ್” ಎಂದೆ. ಆ ಎರಡು ಎಸ್‌ಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಕ್ಯಾಲಬಾಸಸ್, ಭಾನುವಾರ

ಮನೆಗೆ ಬಂದು ಆ ಚಿಟಿಕೆಯನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಮೈದಾ ಕಲಸಿ ಮುಚ್ಚಿಟ್ಟೆ. ಎರಡು ಗಂಟೆಯಲ್ಲಿ ಹಿಟ್ಟು ಮುಚ್ಚಳವನ್ನು ಎತ್ತಿ ಇಣುಕಿತು. ಇಪ್ಪತ್ತಾರು ವರ್ಷದಲ್ಲಿ ಇಂಥ ಉಬ್ಬು ನಾನು ಕಂಡಿರಲಿಲ್ಲ. ಜಂಬಕ್ಕೆ ಮೊದಲ ಪೆಟ್ಟು ಬಿದ್ದದ್ದು ಆಗ, ಆದರೆ ಅದು ಅಷ್ಟಕ್ಕೆಲ್ಲ ಸಾಯುವ ಜಂಬವಲ್ಲ.

ಬೇಕರಿಯ ಅಭ್ಯಾಸದಂತೆ ಒಂದು ಹಿಡಿ ಹಿಟ್ಟನ್ನು ಸ್ಟೀಲ್ ಡಬ್ಬಿಯಲ್ಲಿ ತೆಗೆದಿಟ್ಟು ಉಳಿದದ್ದರಲ್ಲಿ ಬನ್ನು ಮಾಡಿದೆ. ಭಾನುವಾರ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗುವಾಗ ಸುಧಾ ಅವನ್ನೂ ಹೇರಿಕೊಂಡಳು. ಬೆಟ್ಟದ ನಡುವೆ ಬಿಳಿ ಗೋಪುರ, ಕೆಳಗೆ ಪಾರ್ಕಿಂಗಿಗೆ ಪರದಾಡುವ ಭಕ್ತರು, ಹೊರಗಿನ ಬೆಂಚುಗಳ ಮೇಲೆ ಪುಳಿಯೋಗರೆ ಪೊಟ್ಟಣಗಳು. ದಾವಣಗೆರೆ ಕಡೆಯ ಒಬ್ಬ ಆಂಟಿ ಬನ್ನು ಮುರಿದು ಮೂಸಿ ನೋಡಿದರು.

“ಕಿತ್ತಳೆ ಹಣ್ಣು ಹಾಕೀರೇನ್ರೀ?”

“ಇಲ್ಲಪ್ಪ, ಬರೀ ಮೈದಾ, ಸಕ್ಕರೆ” ಎಂದೆ. ಆದರೆ ಅವರು ಹೇಳಿದ್ದು ನಿಜ. ಯಾರೋ ಪಕ್ಕದಲ್ಲಿ ಕಿತ್ತಳೆ ಸುಲಿದಂತೆ ಪರಿಮಳ.

“ಏನ್ ಮಾಡ್ತೀರಿ ಇದಕ್ಕೆ?” ಎಂದು ಇನ್ನಿಬ್ಬರು ಕೇಳಿದರು.

“ಕೈಗುಣ” ಎಂದೆ, ಕಣ್ಣು ಕೆಳಗೆ ಹಾಕಿ, ಬಹಳ ವಿನಯದಿಂದ. ದೇವರ ಎದುರಿಗೇ ಹೇಳಿದ ಸುಳ್ಳು. ಕಾರಿನಲ್ಲಿ ಸುಧಾಗೆ ನಿಜ ಹೇಳಿದೆ.

“ಅಕ್ಕಾ, ಪಕ್ಕದ್ಮನೆ ಅಂಕಲ್ ಹತ್ರ ಬೀರ್ ಈಸ್ಟ್ ಕದ್ದು ದೇವಸ್ಥಾನದಲ್ಲಿ ಹಂಚಿದ್ಯಾ?”

“ಬೇಯಿಸಿದ ಮೇಲೆ ಅದು ಬನ್ನು ಕಣೇ.”

“ಕದ್ದಿದ್ದು ಕದ್ದಿದ್ದೇ ಅಲ್ವಾ?”

ಎಸಿ ಜಾಸ್ತಿ ಆಯಿತು, ಕಡಿಮೆ ಮಾಡು ಎಂದೆ.

ಚಾಟ್ಸ್‌ವರ್ತ್, ಗುರುವಾರ

ಶನಿವಾರ ಏಲ್ ಮಾಡುವ ದಿನ. ಗುರುವಾರ ಆರ್ನೆ ಒಂದು ಮರದ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದರು. ಗ್ಯಾರೇಜಿಗೆ ಪೈಪ್ ಹಿಡಿದು ತೊಳೆಯುತ್ತಿದ್ದೇನೆ, ಇದು ಒಣಗಿದ ಜಾಗದಲ್ಲಿರಬೇಕು, ಶನಿವಾರದವರೆಗೆ ನೀವು ಇಟ್ಟುಕೊಳ್ಳಿ ಎಂದರು. “ಬೇರೆ ಯಾರಿಗಾದರೂ ಕೊಡೋಕೆ ಭಯ. ನಿಮಗೆ ಇದೆಲ್ಲ ಗೊತ್ತು.”

ಗೊತ್ತು ಎಂದು ತಲೆಯಾಡಿಸಿದೆ. ಅವರು ಹೋದ ಮೇಲೆ ತೆರೆದು ನೋಡಿದೆ. ತಗಡಿನ ಡಬ್ಬಿ ಇರಲಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿದ ಒಂದು ಮರದ ಬಳೆ ಇತ್ತು. ಸಣ್ಣ ಸಣ್ಣ ಮರದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ದುಂಡಗೆ ಮಾಡಿದ್ದು. ನೋಡಿದ ತಕ್ಷಣ ತಿಳಿಯಿತು: ಸಿಂಬಿ. ಬಿಂದಿಗೆ ಉರುಳದಂತೆ ಅಡಿಗೆ ಇಡುತ್ತೇವಲ್ಲ, ಅದೇ. ಏಲಿನ ಹಂಡೆಯನ್ನು ಇದರ ಮೇಲೆ ಕೂರಿಸುತ್ತಾರೆ ಎಂದುಕೊಂಡೆ.

ಆದರೆ ಅದರ ಅವಸ್ಥೆ. ಪ್ರತಿ ಸಂದಿಯಲ್ಲೂ ಬೂದು ಕಿಟ್ಟ, ಕೆರೆದರೆ ಉದುರುವ ಹಕ್ಕಳೆ, ಹುಳಿ ವಾಸನೆ. ಪಾಪ, ಒಂಟಿ ಗಂಡಸು, ಎಷ್ಟೆಂದು ತೊಳೆಯುತ್ತಾರೆ ಎಂದು ನಿಜವಾಗಿಯೂ ಕರುಳು ಚುರುಕ್ ಎಂದಿತು. ಒಬ್ಬರ ಸಾಮಾನು ನಮ್ಮ ಮನೆಗೆ ಬಂದರೆ ಬಂದ ಹಾಗೇ ವಾಪಸ್ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಳೆದು, ಒಣಗಿಸಿ, ಒಳಗೆ ಏನಾದರೂ ಇಟ್ಟೇ ಕೊಡಬೇಕು. ಬರಿದು ಕೊಟ್ಟರೆ ನಮ್ಮಮ್ಮ ನನ್ನನ್ನು ಅದೇ ಪಾತ್ರೆಯಿಂದ ಬಡಿಯುತ್ತಿದ್ದಳು.

ಸಿಂಬಿಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟೆ. ಸೋಡಾ ಹಾಕಿ ಬ್ರಷ್‌ನಿಂದ ಉಜ್ಜಿದೆ. ಹುಣಸೆಹಣ್ಣು ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಸಂದಿಗಳನ್ನು ಸುಧಾಳ ಹಳೆಯ ಟೂತ್‌ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕಿದೆ. ಮತ್ತೆ ಕುದಿಯುವ ನೀರು. ಹಿತ್ತಲಿನ ಬಿಸಿಲಿಗೆ ಇಟ್ಟಾಗ ಅದು ಹಾಲಿನ ಬಣ್ಣಕ್ಕೆ ತಿರುಗಿತ್ತು. ಆ ಪ್ರವಾಸದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಬಟ್ಟೆಯನ್ನೂ ಒಗೆದೆ. ಪೆಟ್ಟಿಗೆಯಲ್ಲಿ ನಾಲ್ಕು ರವೆ ಉಂಡೆ ಇಟ್ಟೆ.

ಶನಿವಾರ, ಆರ್ನೆಯ ಗ್ಯಾರೇಜು

ಬೆಳಗ್ಗೆ ಸುಧಾ, ನಾನು ಹೋದಾಗ ಜೂನಿಪರ್ ನೀರು ಕುದಿದು ಇಡೀ ಗ್ಯಾರೇಜು ಆಯುರ್ವೇದದ ಅಂಗಡಿಯಾಗಿತ್ತು. ಮರದ ತೊಟ್ಟಿಯ ತಳಕ್ಕೆ ಮುಳ್ಳಿನ ಕೊಂಬೆಗಳನ್ನು ಹಾಸಿ, ಮೇಲೆ ಮೊಳಕೆ ಬರಿಸಿ ಒಣಗಿಸಿ ಒಡೆದ ಬಾರ್ಲಿ ಸುರಿದು, ಆ ಬಿಸಿನೀರನ್ನು ಹೊಯ್ದರು. ಗಂಟೆಗಟ್ಟಲೆ ಬಿಟ್ಟು ಕೆಳಗಿನ ಬಿರಡೆ ತೆಗೆದಾಗ ಕೊಂಬೆಗಳ ಮೂಲಕ ಸೋಸಿಕೊಂಡು ಕೆಂಪಗಿನ ಸಿಹಿ ರಸ ಇಳಿಯಿತು. ನಾನು ಕಾಫಿ ಡಿಕಾಕ್ಷನ್ ಇಳಿಯುವುದನ್ನು ನೋಡುವಷ್ಟು ಭಕ್ತಿಯಿಂದ ನೋಡಿದೆ, ನಡುನಡುವೆ ಸಲಹೆಯನ್ನೂ ಕೊಟ್ಟೆ. ಯಾರೂ ಕೇಳಿರಲಿಲ್ಲ.

ರಸ ಮೈಬಿಸಿಯಷ್ಟು ಆರಿದ ಮೇಲೆ ಆರ್ನೆ ಕೈ ಒರೆಸಿಕೊಂಡು ಪೆಟ್ಟಿಗೆ ತೆರೆದರು. ಉಂಡೆ ನೋಡಿ ನಕ್ಕರು. ಬಟ್ಟೆ ಬಿಡಿಸಿದರು.

ನಗು ಹೋಯಿತು. ಸಿಂಬಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಮೂಸಿ ನೋಡಿದರು. ನಂತರ ಮಗುಚಿಟ್ಟ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತುಬಿಟ್ಟರು.

“ಇದನ್ನು ತೊಳೆದ್ರಾ?”

“ಎರಡು ಸಲ” ಎಂದೆ. ಹೆಮ್ಮೆಯಿಂದಲೇ ಎಂದೆ. “ಕುದಿಯೋ ನೀರಲ್ಲಿ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲ ದಿನ ಗೋಡೆಯ ಕಡೆ ಕೈ ತೋರಿಸಿ ಹೇಳಿದ್ದನ್ನೇ ತಗ್ಗಿದ ದನಿಯಲ್ಲಿ ಮತ್ತೊಮ್ಮೆ ಹೇಳಿದರು. ಏಲ್ ಹುದುಗಿದ ಮೇಲೆ ಈ ಬಳೆಯನ್ನು ತೊಟ್ಟಿಗೆ ಇಳಿಬಿಡುತ್ತಾರೆ. ಸಂದಿಗಳಲ್ಲಿ ಈಸ್ಟ್ ಮೆತ್ತಿಕೊಳ್ಳುತ್ತದೆ. ಒಣಗಿಸಿ ಗೋಡೆಗೆ ತೂಗುಹಾಕಿದರೆ ಮುಂದಿನ ವರ್ಷದವರೆಗೆ ಅದರಲ್ಲೇ ಮಲಗಿರುತ್ತದೆ. ನಾನು ಟೂತ್‌ಬ್ರಷ್ಷಿನಿಂದ ತಿಕ್ಕಿ ತೆಗೆದದ್ದು ಕೊಳೆಯಲ್ಲ. ಅವರಮ್ಮ ಲಂಗದಲ್ಲಿ ಹೊಲಿದುಕೊಂಡು ಬಂದದ್ದು.

ಸುಧಾ ಕೇಳಿದಳು. “ಅಂಕಲ್, ಆ ಟಿನ್‌ನಲ್ಲಿತ್ತಲ್ಲ, ಅದು?”

“ಅದು ತೋರಿಸೋಕೆ ಅಂತ ಇದರಿಂದಲೇ ಕೆರೆದಿದ್ದು. ಜೀವ ಇದೆಯಾ ಅಂತ ಸಕ್ಕರೆ ನೀರಿಗೆ ಹಾಕಿ ನೋಡಿದೆ. ನೊರೆ ಬಂತು. ಖುಷಿಯಾಗಿ ಸಿಂಕ್‌ಗೆ ಚೆಲ್ಲಿದೆ. ಬಳೆ ತುಂಬ ಇದೆಯಲ್ಲ ಅಂತ.” ಅವರು ಕೆಂಪು ರಸದ ತೊಟ್ಟಿಯನ್ನೇ ನೋಡುತ್ತಿದ್ದರು. “ಇಂಗ್ರಿಡ್‌ಗೆ ಏನು ಹೇಳ್ಲಿ?”

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಯಾಲಿಫೋರ್ನಿಯಾದಲ್ಲಿ ಭೂಮಿ ಆಗಾಗ ಬಾಯಿಬಿಡುತ್ತದೆ ಎಂದು ಕೇಳಿದ್ದೆ, ಬೇಕಾದಾಗ ಬಿಡಲಿಲ್ಲ. ಅಪ್ಪ, ಮಗ ಎಪ್ಪತ್ತು ಎಂಬತ್ತು ವರ್ಷ ಕಾಪಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಹುಣಸೆಹುಳಿ ಹಾಕಿ ಮುಗಿಸಿದ್ದೆ. ಆಗ ನೆನಪಾಯಿತು ಫ್ರಿಜ್ಜಿನ ಸ್ಟೀಲ್ ಡಬ್ಬಿ. ದಿನ ಬಿಟ್ಟು ದಿನ ಒಂದು ಮುಷ್ಟಿ ಮೈದಾ ಹಾಕಿ ಅದನ್ನು ಸಾಕುತ್ತಿದ್ದೆ.

ಆದರೆ ಅದನ್ನು ತರಬೇಕಾದರೆ ಅದು ಎಲ್ಲಿಂದ ಬಂತೆಂದು ಹೇಳಬೇಕು. ಸುಧಾಳ ಮುಖ ನೋಡಿದೆ. ಅವಳಿಗೂ ಅದೇ ಹೊಳೆದಿತ್ತು.

“ಹೇಳು” ಎಂದಳು ಕನ್ನಡದಲ್ಲಿ. “ತೊಳೆದಿದ್ದಕ್ಕಿಂತ ಕದ್ದಿದ್ದೇ ವಾಸಿ ಈಗ.”

ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಮಾಡುವುದು ನನಗೆ ಬರುವುದಿಲ್ಲ. “ಐ ಥೀಫ್” ಎಂದೆ. ಸೆರಗಿನ ಗಂಟನ್ನು ಕಟ್ಟಿ, ಬಿಚ್ಚಿ, ಕಲಸಿ, ತಟ್ಟಿ, ಪೂರ್ತಿ ಅಭಿನಯ ಮಾಡಿ ತೋರಿಸಿದೆ. ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಆರ್ನೆ ನನ್ನನ್ನೂ ನನ್ನ ಸೆರಗನ್ನೂ ಒಂದು ನಿಮಿಷ ನೋಡಿ, “ಹಾಗಾದ್ರೆ ಓಡಿ” ಎಂದರು.

ಓಡಿದೆ. ಬೇಕರಿಗೆ ಬೆಂಕಿ ಬಿದ್ದಾಗಲೂ ಅಷ್ಟು ಓಡಿರಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದಾಗ ಆರ್ನೆ ಮೂಸಿ ನೋಡಿ ಕಣ್ಣು ಮುಚ್ಚಿಕೊಂಡರು. ಕಿತ್ತಳೆ. ಹಿಟ್ಟನ್ನು ಬೆಚ್ಚಗಿನ ರಸದಲ್ಲಿ ಕದಡಿ ನನ್ನ ಕೈಗೇ ಕೊಟ್ಟರು. ಈಸ್ಟ್ ತಂದವರೇ ಸುರಿಯಬೇಕಂತೆ. ಸುರಿಯುವಾಗ ಗಂಟಲು ಹರಿಯುವ ಹಾಗೆ ಕೂಗಬೇಕಂತೆ, ಇಲ್ಲದಿದ್ದರೆ ಏಲ್ ಸೋಮಾರಿಯಾಗುತ್ತದೆ. ಅವರ ಊರಿನ ಪದ್ಧತಿ. ಅವರು ತಾವೇ ಒಮ್ಮೆ ಕೂಗಿ ತೋರಿಸಿದರು. ಬೀದಿಯಾಚೆ ನಾಯಿ ಬೊಗಳಿತು.

ಏನೆಂದು ಕೂಗುವುದು? ಜೋರಾಗಿ ಕೂಗಲು ನನಗೆ ಬರುವುದು ಒಂದೇ. ಸುರಿದೆ, “ಗೋವಿಂದಾ, ಗೋವಿಂದ” ಎಂದು ಕೂಗಿದೆ. ಅಭ್ಯಾಸಬಲದಿಂದ ಸುಧಾ ಕೂಡ “ಗೋವಿಂದ” ಎಂದಳು. ಬಾರ್ ಎತ್ತಿಸಲು ಸಹಿ ಸಂಗ್ರಹಿಸಿದ ನಾನು ಬೀರಿನ ತೊಟ್ಟಿಗೆ ಭಗವಂತನ ಹೆಸರು ಹೇಳಿ ಆಶೀರ್ವಾದ ಮಾಡಿದೆ. ಅರಸೀಕೆರೆಯವರು ಇದನ್ನು ಓದಿದರೆ ತಹಸೀಲ್ದಾರರಿಗೆ ತಿಳಿಸಬೇಡಿ.

ತೊಟ್ಟಿಗೆ ಕಂಬಳಿ ಹೊದಿಸಿದರು, ಚಳಿಗಾಲದಲ್ಲಿ ನಾವು ದೋಸೆಹಿಟ್ಟಿಗೆ ಹೊದಿಸುವ ಹಾಗೆ. ಆಮೇಲೆ ಕಾಯುವುದು. ಸಂಜೆಯವರೆಗೆ ಏನೂ ಆಗಲಿಲ್ಲ. ನಾನು ಊಟ ಮಾಡಲಿಲ್ಲ. ಭಾನುವಾರ ಬೆಳಗ್ಗೆ ಗೋಡೆಯಾಚೆಯಿಂದ ಆರ್ನೆ ಕರೆದರು. ಕಂಬಳಿ ಸರಿಸಿ ಕಿವಿಯಿಟ್ಟರೆ ಒಳಗೆ ಸುಯ್ ಎಂದು ಹಾಡುತ್ತಿತ್ತು. ನನ್ನ ಬಿಳಿ ಸಿಂಬಿಯನ್ನು ಅವರು ಮೆಲ್ಲಗೆ ನೊರೆಯೊಳಗೆ ಇಳಿಬಿಟ್ಟರು. ಎಷ್ಟು ಬೇಗ ಕೊಳಕಾಗುತ್ತದೋ ಅಷ್ಟು ಒಳ್ಳೆಯದು ಎಂದು ನಾನು ಜೀವನದಲ್ಲಿ ಮೊದಲ ಸಲ ಹಾರೈಸಿದೆ.

ಸ್ಯಾನ್ ಡಿಯಾಗೋ, ಮರುಶನಿವಾರ

ಎರಡೂವರೆ ಗಂಟೆಯ ದಾರಿ ಟ್ರಾಫಿಕ್ಕಿನಲ್ಲಿ ನಾಲ್ಕಾಯಿತು. ಬಲಕ್ಕೆ ಸಮುದ್ರ ಬಂದಾಗ ಸುಧಾ ತೋರಿಸಿದಳು. ಈ ಸಲ ನಿದ್ದೆ ಮಾಡುತ್ತಿರಲಿಲ್ಲ, ಆದರೂ ನೋಡಲಿಲ್ಲ. ಏಲಿನ ಪೀಪಾಯಿ ನನ್ನ ಕಾಲುಗಳ ನಡುವೆ ಇತ್ತು, ನನ್ನ ಕಣ್ಣೆಲ್ಲ ಅದರ ಬಿರಡೆಯ ಮೇಲೆ.

ಇಂಗ್ರಿಡ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಸಣ್ಣ ಜೀವ, ದೊಡ್ಡ ದನಿ. ಆರ್ನೆ ದಾರಿಯಲ್ಲಿ ಹೇಳಿದ್ದರು, ಮೊದಲು ಕುಡಿಯಲಿ, ಆಮೇಲೆ ಹೇಳೋಣ ಎಂದು. ಮರದ ಬಟ್ಟಲಿಗೆ ಬಗ್ಗಿಸಿ ಕೊಟ್ಟರು.

ಇಂಗ್ರಿಡ್ ಒಂದು ಗುಟುಕು ಕುಡಿದರು. ಬಟ್ಟಲನ್ನು ಮೂಗಿಗೆ ಹಿಡಿದರು.

“ಇದರಲ್ಲಿ ಹಿಟ್ಟಿನ ವಾಸನೆ ಇದೆ” ಎಂದರು.

ನಾನು ಸುಧಾಳ ಕೈ ಹಿಡಿದುಕೊಂಡೆ. ಆರ್ನೆ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು: ತೊಳೆದದ್ದು, ಕದ್ದದ್ದು, ಕಲಸಿದ್ದು. ನಾನು ತಪ್ಪಿತಸ್ಥೆಯ ಹಾಗೆ ಬಾಗಿಲ ಬಳಿಯೇ ನಿಂತಿದ್ದೆ. ಇಂಗ್ರಿಡ್ ಪೂರ್ತಿ ಕೇಳಿ ಇನ್ನೊಂದು ಗುಟುಕು ಕುಡಿದರು.

“ಅಮ್ಮ ಏಲ್ ಮಾಡೋ ದಿನವೇ ಬ್ರೆಡ್ ಕಲಸ್ತಿದ್ಲು” ಎಂದರು, ತಮ್ಮನಿಗಲ್ಲ, ಕಿಟಕಿಗೆ ಹೇಳುವಂತೆ. “ಕೈಗೆ ಅಂಟಿದ ಹಿಟ್ಟನ್ನ ತೊಟ್ಟಿಯ ಅಂಚಿಗೆ ಒರೆಸಿ ಒಳಗೆ ಹಾಕಿಬಿಡ್ತಿದ್ಲು. ಅಪ್ಪ ಬೈತಿದ್ದ. ನಾನು ಮರೆತೇಬಿಟ್ಟಿದ್ದೆ, ಆರ್ನೆ. ಇಷ್ಟು ವರ್ಷ ಕಮ್ಮಿಯಿದ್ದದ್ದು ಇದೇ.”

ಆರ್ನೆ ಅಕ್ಕನ ಪಕ್ಕ ನೆಲದ ಮೇಲೆ ಕೂತರು. ಎಪ್ಪತ್ತೊಂಬತ್ತು ವರ್ಷದ ಗಂಡಸು ಅಮ್ಮನ ಏಲನ್ನು ಮೊದಲ ಸಲ ಕುಡಿದರು. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು, ನಾನೂ ಸುಧಾಳೂ ಅಳುತ್ತಾ ನಿಂತೆವು. ನನಗೆ ಅಷ್ಟು ಸಂತೋಷವಾದದ್ದು ಆ ಆರು ವಾರದಲ್ಲಿ ಮತ್ತೆ ಯಾವತ್ತೂ ಇಲ್ಲ.

ಇಂಗ್ರಿಡ್ ನನ್ನನ್ನು ಹತ್ತಿರ ಕರೆದು ಬಟ್ಟಲು ಮುಂದೆ ಮಾಡಿದರು. ಕುಡಿಯುವುದಿಲ್ಲ ಎಂದೆ. ಕದಿಯೋಕೆ ಬರುತ್ತೆ, ಕುಡಿಯೋಕೆ ಬರಲ್ವಾ ಎಂದು ಕೇಳಿದರು. ಅಂಗೈ ಒಡ್ಡಿದೆ. ಅವರು ಅರ್ಧ ಚಮಚದಷ್ಟು ಬಗ್ಗಿಸಿದರು. ಕಷಾಯಕ್ಕೆ ಕಿತ್ತಳೆ ಹಿಂಡಿದ ರುಚಿ. ನುಂಗಿ, ಕೈಯನ್ನು ನೆತ್ತಿಗೆ ಒರೆಸಿಕೊಂಡ ಮೇಲೆ ತೀರ್ಥದ ಹಾಗೆ ಮಾಡಿದೆನೆಂದು ತಿಳಿಯಿತು. ಯಾಕೆ ಎಂದು ಇಂಗ್ರಿಡ್ ಕೇಳಿದರು. ಸುಧಾ ಏನು ಹೇಳಿದಳೋ, ಅವರೂ ಎರಡು ಹನಿ ಬಗ್ಗಿಸಿಕೊಂಡು ತಮ್ಮ ಬಿಳಿ ನೆತ್ತಿಗೆ ಒರೆಸಿಕೊಂಡರು.

ಹೊರಡುವ ದಿನ

ಸೂಟ್‌ಕೇಸು ಮುಚ್ಚುವಾಗ ಆರ್ನೆ ನನ್ನ ಸ್ಟೀಲ್ ಡಬ್ಬಿ ವಾಪಸ್ ತಂದರು. ಗೋಡೆಯ ಮೇಲಿನ ಸಿಂಬಿಯ ಫೋಟೋವನ್ನು ಫೋನಿನಲ್ಲಿ ತೋರಿಸಿದರು. ಅದು ಮತ್ತೆ ಬೂದು ಬಣ್ಣಕ್ಕೆ ತಿರುಗಿ, ನೋಡಲು ಅಸಹ್ಯವಾಗಿ, ಬಹಳ ಚೆನ್ನಾಗಿತ್ತು. ಮುಂದಿನ ವರ್ಷಕ್ಕೆ ಬ್ರೆಡ್ ಕಲಸೋದು ಕಲೀತಿದೀನಿ ಎಂದರು.

ಅವರು ಹೋದ ಮೇಲೆ ಡಬ್ಬಿ ತೆರೆದೆ. ನಮ್ಮ ಪದ್ಧತಿಯನ್ನು ಯಾರು ಹೇಳಿಕೊಟ್ಟರೋ, ಸುಧಾಳೇ ಇರಬೇಕು. ಡಬ್ಬಿ ಬರಿದಾಗಿರಲಿಲ್ಲ. ತಳದಲ್ಲಿ ಒಂದು ಹಿಡಿ ಬೂದು ಹಕ್ಕಳೆ. ಅಂಚಿನಲ್ಲಿ ನನ್ನ ಹಳೆಯ ಹಿಟ್ಟು ಒಣಗಿ ಹಾಗೇ ಅಂಟಿಕೊಂಡಿತ್ತು. ಅವರು ಅದನ್ನು ತೊಳೆದಿರಲಿಲ್ಲ.

ನಾನೂ ತೊಳೆದಿಲ್ಲ.